ನಿಮ್ಮ ಶ್ರೀನಿವಾಸಪುರಕ್ಕೆ ನದಿ ಎಲ್ಲಿಂದ ಬಂತು?

ನಮಸ್ಕಾರ.

ನಿಮ್ಮ ಕ್ರೈಮ್ ಕಾದಂಬರಿಯ 212 ಪುಟಗಳನ್ನೂ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನಿರಾಳವಾಗಿ ಓದಬಹುದು. ಎರಡು ಸಾಲು ಬರೆದು ಕೈತೊಳೆದುಕೊಳ್ಳೋಣ ಅಂದುಕೊಂಡಿದ್ದೆ, ನಿಮ್ಮ ಏಳನೇ ಅಧ್ಯಾಯ ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪುಟದಲ್ಲೇ, ಶ್ರೀನಿವಾಸಪುರದ ಹೊರವಲಯದಲ್ಲಿ, ತುಂಬಿ ಹರಿಯುವ ನದಿಯಲ್ಲಿ ಹೆಣ ತೇಲಿ ಬರುತ್ತದೆ. ಯಾವ ನದಿ ಸ್ವಾಮಿ? ನಾನೂ ಪಕ್ಕದ ಚಿಂತಾಮಣಿಯವನೇ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಸೇರಿಸಿದರೂ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ಪಾಪಾಗ್ನಿ ಹೆಸರಿಗಿವೆ, ಮರಳು ತುಂಬಿದವರನ್ನು ಕೇಳಿ ಹೇಳುತ್ತಾರೆ. ಹೆಣ ಬೇಕೇ ಬೇಕೆಂದರೆ ಕೆರೆ ಇದೆ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕಡೆಯ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ. ಜಾಲಿ ಬೆಳೆದು ನಿಂತಿದ್ದ ಕೆರೆ ತುಂಬಿತು, ಜತೆಗೆ ಆ ನೀರು ಮುಟ್ಟಬೇಕೋ ಬೇಡವೋ ಎನ್ನುವ ಜಗಳವೂ ತುಂಬಿತು. ಅಂಥ ನೀರಿನಲ್ಲಿ ಹೆಣ ಕಂಡರೆ ಇಳಿಯುವವನು ಯಾರು? ದಡದಲ್ಲಿ ನಿಂತು 'ನೀನು ಇಳಿ, ನೀನು ಇಳಿ' ಎನ್ನುವ ಹತ್ತು ಜನರನ್ನು ಬರೆದರೆ ಊರು ಎದ್ದು ಕೂರುತ್ತಿತ್ತು.

ಇನ್ನು ನಿಮ್ಮ ಇನ್‌ಸ್ಪೆಕ್ಟರ್. ಬಿಳಿ ಪುಡಿಯ ಪ್ಯಾಕೆಟ್ಟು ಕುಯ್ದು, ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು 'ಕೊಕೇನ್' ಅನ್ನುತ್ತಾನೆ. ಯಾವ ಪೊಲೀಸೂ ಗುರುತಿಲ್ಲದ ಪುಡಿ ನೆಕ್ಕುವುದಿಲ್ಲ, ಸಿನಿಮಾ ಪೊಲೀಸ್ ಬಿಟ್ಟು. ಮುನ್ನೂರು ಗ್ರಾಂ ಗಾಂಜಾಕ್ಕೆ ನಿಮ್ಮ ಹಮಾಲಿ ಹುಡುಗ ಮಂಜನಿಗೆ ಜೀವಾವಧಿ ಕೊಡಿಸಿದ್ದೀರಿ. ಒಂದು ಕೆ.ಜಿ.ವರೆಗೆ ಕಾನೂನಿನ ಲೆಕ್ಕದಲ್ಲಿ ಸಣ್ಣ ಪ್ರಮಾಣ. ಒಂದು ವರ್ಷದವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹತ್ತರಿಂದ ಇಪ್ಪತ್ತು ವರ್ಷದ ಮಾತು ಬರುವುದು 20 ಕೆ.ಜಿ. ದಾಟಿದ ಮೇಲೆ. ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯನ್ನು ಒಂದು ಮಧ್ಯಾಹ್ನ ಕೂತು ಓದಿ. ಅದರಲ್ಲಿ 64ಎ ಎಂಬ ಕಲಂ ಇದೆ: ವ್ಯಸನಿಯೊಬ್ಬ ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದು, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ಪಾರಾಗಬಹುದು. ಈಗ ಮಂಜನ ಮನೆಯನ್ನು ನೋಡಿ. ತಾಯಿಗೆ ಮಗನನ್ನು ನಿಮ್ಹಾನ್ಸ್‌ಗೆ ಕರೆದೊಯ್ಯಬೇಕು. ಅಣ್ಣನಿಗೆ ತಂಗಿಯ ಮದುವೆ ಚಿಂತೆ: 'ಹುಚ್ಚಾಸ್ಪತ್ರೆ ಅಂತ ಊರಲ್ಲಿ ಗೊತ್ತಾದರೆ ಯಾರು ಹೆಣ್ಣು ಕೇಳ್ತಾರೆ?' ನಿಮ್ಮ ನಾಲ್ಕು ಚೇಸಿಂಗ್ ದೃಶ್ಯಕ್ಕಿಂತ ಈ ಒಂದು ಜಗಳ ಗಟ್ಟಿ.

ಆದರೆ ನನ್ನ ನಿಜವಾದ ತಕರಾರು ಬೇರೆ. ಇದು ವ್ಯಸನದ ಕಥೆ ಅನ್ನುತ್ತೀರಿ, 212 ಪುಟದಲ್ಲಿ ಒಬ್ಬನಿಗೂ ಚಟವೇ ಹತ್ತಿಲ್ಲ. ಎಲ್ಲರೂ ಮಾಲು ಸಾಗಿಸುತ್ತಾರೆ, ಯಾರೂ ಅದಕ್ಕಾಗಿ ಒದ್ದಾಡುವುದಿಲ್ಲ. ಮಂಜ ಹಮಾಲಿಯ ಮಗ. ತಾನೂ ರಾತ್ರಿಯೆಲ್ಲ ಲಾರಿಗೆ ಕ್ರೇಟು ಎತ್ತುವವನು. ಕೊಕೇನ್ ಅವನ ಹತ್ತಿರಕ್ಕೂ ಬರುವುದಿಲ್ಲ. ಅವನಿಗೆ ಸಿಗುವುದು ಗಡಿಯಾಚೆಯ ಗಾಂಜಾ ಸೊಪ್ಪು, ಪಂಕ್ಚರ್ ಅಂಗಡಿಯ ಸಲ್ಯೂಷನ್, ಇಲ್ಲವೇ ಮೆಡಿಕಲ್ಸ್‌ನಲ್ಲಿ ಚೀಟಿ ಇಲ್ಲದೆ ಕೊಡುವ ನೋವಿನ ಮಾತ್ರೆ. ನಾನಾದರೆ ಮಾತ್ರೆಯನ್ನು ಹಿಡಿಯುತ್ತಿದ್ದೆ. ಸೊಂಟನೋವಿಗೆ ಒಂದು, ನಿದ್ದೆಗೆಟ್ಟು ದುಡಿಯಲು ಇನ್ನೊಂದು, ಆಮೇಲೆ ನೋವೇ ಇಲ್ಲದಿದ್ದರೂ ನಾಲ್ಕು. ಅಂಥದ್ದೊಂದು ನೋವಿನ ಮಾತ್ರೆ ಟ್ರಮಡಾಲ್, ಅದು ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದದ್ದು 2018ರಲ್ಲಿ. ಅದಕ್ಕೂ ಮುಂಚಿನಿಂದಲೇ ಅದನ್ನು ಮಾರುವ ಅಂಗಡಿಯವನು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದ ಪುಸ್ತಕವನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಇನ್‌ಸ್ಪೆಕ್ಟರ್ ಗೋದಾಮಿನ ಬಾಗಿಲು ಒದೆಯುವ ಬದಲು ಆ ಪುಸ್ತಕ ತಿರುವಲಿ. ತೀರಿಕೊಂಡ ಮುದುಕಿಯ ಹೆಸರಿನಲ್ಲಿ ತಿಂಗಳಿಗೆ ಆರು ಸಲ ಮಾತ್ರೆ ಹೋಗಿರಲಿ.

ಮಾತ್ರೆ ಸಿಗದ ದಿನ ಮಂಜ ಸಿನಿಮಾದವರಂತೆ ಬಾಯಲ್ಲಿ ನೊರೆ ಕಾರಿ ಕನ್ನಡಿ ಒಡೆಯುವುದು ಬೇಡ. ನಿಜದಲ್ಲಿ ಆಗುವುದು ಹೆಚ್ಚು ಸಣ್ಣದು, ಹೆಚ್ಚು ಕ್ರೂರವಾದದ್ದು. ಮೊದಲು ಆಕಳಿಕೆ. ಮೂಗು, ಕಣ್ಣು ಸುರಿಯುತ್ತವೆ, ಮೈ ಜುಮ್ಮೆಂದು ರೋಮ ನಿಲ್ಲುತ್ತದೆ. ನೆಗಡಿ ಅಂದುಕೊಂಡು ತಾಯಿ ಮೆಣಸಿನ ಕಷಾಯ ಕಾಯಿಸುತ್ತಾಳೆ. ಆಮೇಲೆ ಹೊಟ್ಟೆ ನುಲಿತ, ಭೇದಿ, ಕಾಲು ಸೆಳೆತ, ನಿದ್ದೆ ಇಲ್ಲ. ಎರಡು, ಮೂರನೇ ದಿನ ಎಲ್ಲಕ್ಕಿಂತ ಕೆಟ್ಟದ್ದು, ವಾರದೊಳಗೆ ಇಳಿಯುತ್ತದೆ. ಮಂಜನಿಗೊಂದು ಗುಟ್ಟು ಗೊತ್ತಿದೆ, ಬಾಯಿ ಬಿಟ್ಟರೆ ಸ್ಟ್ರಿಪ್ಪು ಸಿಗುತ್ತದೆ ಅಂತಿಟ್ಟುಕೊಳ್ಳಿ. ಆ ಮೂರು ದಿನ ಓದುಗ ಪುಸ್ತಕ ಕೆಳಗಿಡುತ್ತಾನೆಯೇ?

ಕೊಲೆಗೆ ಮಚ್ಚೂ ಬೇಕಿಲ್ಲ. ತಿಂಗಳುಗಟ್ಟಲೆ ಬಿಟ್ಟವನ ಮೈ ಹಳೆಯ ಪ್ರಮಾಣವನ್ನು ತಾಳುವುದಿಲ್ಲ, ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಚಿಕಿತ್ಸೆ ಮುಗಿಸಿ ಊರಿಗೆ ಬಂದ ಸಂಜೆಯೇ ಮಂಜನ ಕೈಗೆ ಹಳೆಯ ಪ್ರಮಾಣ ಇಟ್ಟವರು ಯಾರು? ಅವರಿಗೆ ಇದು ಗೊತ್ತಿತ್ತೇ? ಊರಿನ ಅರ್ಧ ಜನಕ್ಕೆ ಕೊಟ್ಟವರು ಯಾರೆಂದು ಗೊತ್ತು, ಹೇಳುವವರಿಲ್ಲ. ಎಲ್ಲರೂ ಅವರ ಮಾವಿನ ಮಂಡಿಯಿಂದ ಮುಂಗಡ ಪಡೆದವರೇ.

ಈಗ ಏಳನೇ ಅಧ್ಯಾಯ. ಮಗ ಕದಿಯುತ್ತಾನೆಂದು ತಾಯಿ ದುಡ್ಡನ್ನು ಅಕ್ಕಿ ಡಬ್ಬದಿಂದ ದೇವರ ಪಟದ ಹಿಂದಕ್ಕೆ, ಅಲ್ಲಿಂದ ದನದ ಕೊಟ್ಟಿಗೆಯ ಮಾಡಿಗೆ ಸಾಗಿಸುತ್ತಾಳೆ. ಕೊನೆಗೆ ಎಲ್ಲಿಟ್ಟೆನೆಂದು ಅವಳಿಗೇ ಮರೆತು, ಮಗನನ್ನೇ ಕೇಳುತ್ತಾಳೆ. ಅವನು ತೆಗೆದುಕೊಡುತ್ತಾನೆ. ಎಣಿಸಿದರೆ ಸರಿಯಾಗಿದೆ. ಅವಳು ಅಳುತ್ತಾಳೆ. ಇದನ್ನು ಬರೆದ ಕೈಯೇ ಆ ಪುಡಿ ನೆಕ್ಕುವ ಇನ್‌ಸ್ಪೆಕ್ಟರನನ್ನೂ ಬರೆದಿದೆ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಅಧ್ಯಾಯದಲ್ಲಿ ತಾಯಿ ಒಂದೇ ಒಂದು ಸಲ 'ಏಮಿರಾ ನಾಯನಾ' ಅನ್ನುತ್ತಾಳೆ. ಉಳಿದ ಪುಸ್ತಕದಲ್ಲಿ ಎಲ್ಲರೂ ಬೆಂಗಳೂರು ದೂರದರ್ಶನದ ವಾರ್ತೆಯ ಕನ್ನಡ ಮಾತಾಡುತ್ತಾರೆ. ಮನೆಯಲ್ಲಿ ತೆಲುಗು, ಠಾಣೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ: ಅದು ನಮ್ಮ ಕಡೆಯ ಮಾತು, ನಾಚಬೇಡಿ.

ಜತೆಗಿಟ್ಟ ಪತ್ರದಲ್ಲಿ, ಸೀಸನ್‌ನಲ್ಲಿ ಚಿಕ್ಕಪ್ಪನ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ ಅಂದಿದ್ದೀರಿ. ಕಾದಂಬರಿಯಲ್ಲಿ ಒಂದೇ ಒಂದು ಮಾವಿನಕಾಯಿ ಇಲ್ಲ! ಬಾದಾಮಿ, ಬೇನಿಷಾ, ತೋತಾಪುರಿ ಲಾರಿ ಎಷ್ಟು ಹೊತ್ತಿಗೆ ಬರುತ್ತವೆ, ಹರಾಜಿನಲ್ಲಿ ಯಾರ ಕಣ್ಣು ಯಾರ ಮೇಲೆ, ಹಮಾಲಿಗಳಿಗೆ ರಾತ್ರಿ ಎರಡರ ಟೀ ಜತೆ ಏನು ಸಿಗುತ್ತದೆ, ಇದೆಲ್ಲ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಚಿಕ್ಕಪ್ಪ ಓದಿ ಮುನಿಸಿಕೊಂಡಾರೆಂಬ ಭಯವಿದ್ದರೆ ಊರಿನ ಹೆಸರು ಬದಲಿಸಿ, ಮಂಡಿಯನ್ನು ಬಿಡಬೇಡಿ.

ಇನ್‌ಸ್ಪೆಕ್ಟರನ ಪ್ರೇಯಸಿ ಮತ್ತು ಗೋವಾದ ಮೂರು ಅಧ್ಯಾಯ ತೆಗೆದುಹಾಕಿ, ಚರ್ಚೆಯೇ ಬೇಡ. ಏಳನೆಯದನ್ನು ಒಂದನೆಯದಾಗಿಸಿ. ಅವಸರವಿಲ್ಲ, ಈ ಸಲದ ಸೀಸನ್ ಮುಗಿಯಲಿ. ಮಂಡಿಯಲ್ಲಿ ಕೂತಾಗ ಲೆಕ್ಕದ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಟ್ಟುಕೊಳ್ಳಿ. ಆಷಾಢ ಕಳೆದ ಮೇಲೆ ಮೊದಲ ನಲವತ್ತು ಪುಟ ಕಳಿಸಿ, ಓದುತ್ತೇನೆ.