ಹೊರಗೆ ಉಳಿದ ಹೆಚ್ಚಿದ ಕರ್ಬೂಜ

ರಾತ್ರಿಯೆಲ್ಲಾ ಅಡುಗೆಮನೆ ಕಟ್ಟೆ ಮೇಲೇ ಉಳಿದ ಅರ್ಧ ಕರ್ಬೂಜದಲ್ಲಿ ಪಾನಕ ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ, ಎಸೆದುಬಿಡಿ. ವಾಸನೆ ಚೆನ್ನಾಗಿದೆ ಅಂತ ನಂಬಬೇಡಿ. ರೋಗ ತರುವ ಬ್ಯಾಕ್ಟೀರಿಯಾಕ್ಕೆ ವಾಸನೆ ಇರಲೇಬೇಕು ಅಂತೇನಿಲ್ಲ. ಬೆಲ್ಲ, ಏಲಕ್ಕಿ ಹಾಕಿದರೂ ಅದು ಸಾಯಲ್ಲ.

ಕರ್ಬೂಜದಲ್ಲಿ ನಿಂಬೆ, ಕಿತ್ತಳೆಯ ಹಾಗೆ ಹುಳಿ ಇಲ್ಲ, ನೀರೇ ಸುಮಾರು 90%. ಹಾಗಾಗಿ ಹೆಚ್ಚಿದ ಮೇಲೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಬಲೆ ಬಲೆಯಾದ ಸಿಪ್ಪೆಯ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಚಾಕು ಅದನ್ನು ನೇರ ತಿರುಳಿಗೆ ಎಳೆದು ತರುತ್ತದೆ. 2011ರಲ್ಲಿ ಅಮೆರಿಕದ ಕೊಲೊರಾಡೊದ ಒಂದು ತೋಟದ ಕರ್ಬೂಜದಿಂದ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಹರಡಿ 33 ಜನ ಸತ್ತರು. ಮನೆಯಲ್ಲಿ ಬಸುರಿ, ವಯಸ್ಸಾದವರು ಇದ್ದರೆ ಇನ್ನೂ ಜಾಸ್ತಿ ಜೋಪಾನ.

ಮುಂದಿನ ಸಲ ಇಡೀ ಹಣ್ಣನ್ನೇ ನಲ್ಲಿ ಕೆಳಗೆ ಹಿಡಿದು ಬ್ರಷ್‌ನಿಂದ ಉಜ್ಜಿ, ಒರೆಸಿ, ಆಮೇಲೆ ಹೆಚ್ಚಿ. ಹೆಚ್ಚಿದ್ದು 2 ಗಂಟೆಯೊಳಗೆ ಫ್ರಿಜ್ ಸೇರಲಿ. ನಮ್ಮ ಬೇಸಿಗೆ ಸೆಕೆಗೆ ಅದಕ್ಕೂ ಮೊದಲೇ ಇಟ್ಟರೆ ಒಳ್ಳೆಯದು. ಮುಚ್ಚಳದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಹಾಲಿಗೂ ಅದರ ಘಮ! ಮೂರು ದಿನದೊಳಗೆ ಮುಗಿಸಿ. ಹೆಚ್ಚದ ಹಣ್ಣು ಗಟ್ಟಿ ಇದ್ದರೆ ಒಂದೆರಡು ದಿನ ಹೊರಗಿಡಬಹುದು. ಮೆತ್ತಗಾಗುತ್ತದೆ, ಘಮ ಬರುತ್ತದೆ, ಆದರೆ ಸಿಹಿ ಹೆಚ್ಚಲ್ಲ. ಹಾಗಾಗಿ ಕೊಳ್ಳುವಾಗಲೇ ತೊಟ್ಟಿನ ಹತ್ತಿರ ಮೂಸಿ ನೋಡಿ.

ಶುಗರ್ ಇರುವ ಅಮ್ಮನಿಗೆ ಕೊಡಬಹುದಾ ಅಂದಿರಲ್ವಾ? 100 ಗ್ರಾಂನಲ್ಲಿ ಸಕ್ಕರೆ ಸುಮಾರು 8 ಗ್ರಾಂ. ಒಂದು ಸಣ್ಣ ಬಟ್ಟಲು ಹೋಳು ಸಾಮಾನ್ಯವಾಗಿ ತೊಂದರೆಯಿಲ್ಲ, ಬೆಲ್ಲದ ಪಾನಕ ಮಾತ್ರ ಬೇಡ.