ಓದುಗರ ಪ್ರಶ್ನೆಗಳು: ಏನು ಗೊತ್ತಿದ್ದಾಗ, ಏನಾಗಬಹುದು?

ಪ್ರಶ್ನೆ: ಬಿ.ಎಸ್ಸಿ.ಯಲ್ಲಿ ಸಂಭವನೀಯತೆಯ ಲೆಕ್ಕಗಳನ್ನು ಸಲೀಸಾಗಿ ಬಿಡಿಸುತ್ತಿದ್ದೆ. ಎಂ.ಎಸ್ಸಿ.ಯಲ್ಲಿ ಯಾದೃಚ್ಛಿಕ ಪ್ರಕ್ರಿಯೆಗಳ (ಕಾಲ ಕಳೆದಂತೆ ಆಕಸ್ಮಿಕವಾಗಿ ಬದಲಾಗುವ ಸಂಗತಿಗಳ) ಪಾಠ ಸಿಗ್ಮಾ-ಬೀಜಗಣಿತದಿಂದ ಆರಂಭವಾಗಿ, ಎರಡನೆಯ ವಾರಕ್ಕೇ ದಾರಿ ತಪ್ಪಿದ್ದೇನೆ. ಮೊದಲು ಅಳತೆ ಸಿದ್ಧಾಂತವನ್ನು ಪೂರ್ತಿ ಕಲಿಯಬೇಕೆ?
(ವಿದ್ಯಾರ್ಥಿನಿ, ಡೊಂಬಿವಲಿ)

ಉತ್ತರ: ಉದ್ದ, ವಿಸ್ತೀರ್ಣ, ಸಂಭವನೀಯತೆಗಳನ್ನು ಒಂದೇ ಬಗೆಯಲ್ಲಿ ಅಳೆಯುವ ಅಳತೆ ಸಿದ್ಧಾಂತ ಬೇಕೇಬೇಕು, ಆದರೆ ಅದು ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ, ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಯನ್ನು ಅದರ ಮೇಲೆ ನಿಲ್ಲಿಸುವ ಹೊತ್ತಿಗೆ ಅಲ್ಲಿನವರೇ ಆದ ಮಾರ್ಕೊವ್ ತಮ್ಮ ಸರಪಣಿಗಳನ್ನು (ಮುಂದಿನ ಹೆಜ್ಜೆ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಪ್ರಕ್ರಿಯೆಗಳನ್ನು) ಹೆಣೆದು ಕಾಲು ಶತಮಾನ ಕಳೆದಿತ್ತು. ಸಿಗ್ಮಾ-ಬೀಜಗಣಿತವನ್ನು ಸದ್ಯಕ್ಕೆ 'ಈವರೆಗೆ ಗೊತ್ತಿರುವುದು' ಎಂದು ಓದಿಕೊಳ್ಳಿ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಮೊದಲನೆಯದನ್ನಷ್ಟೇ ನೋಡಿದವರಿಗೆ ಶಿರ-ಶಿರ, ಶಿರ-ಪುಚ್ಛ ಎರಡೂ ಒಂದೇ ಕಟ್ಟಿನಲ್ಲಿರುತ್ತವೆ. ಅವರಿಗೆ ಬಿಡಿಸಿ ನೋಡಲು ಬರುವ ಕಟ್ಟುಗಳಿಂದ ಹುಟ್ಟುವ ಘಟನೆಗಳ ಕುಟುಂಬವೇ ಆ ಹೊತ್ತಿನ ಸಿಗ್ಮಾ-ಬೀಜಗಣಿತ.

ಇನ್ನುಳಿದದ್ದನ್ನು ಕೈಯಾರೆ ಎಣಿಸಿ ಕಲಿಯುವುದು ಮೇಲು. ಮಾರ್ಕೊವ್ 1913ರಲ್ಲಿ ಪುಷ್ಕಿನ್ನರ ಕಾವ್ಯವೊಂದರ 20,000 ಅಕ್ಷರಗಳನ್ನು ಎಣಿಸಿ, ಸ್ವರದ ನಂತರ ಸ್ವರ ಬರುವ ಸಂಭವನೀಯತೆ 0.128, ವ್ಯಂಜನದ ನಂತರವಾದರೆ 0.663 ಎಂದು ಕಂಡುಕೊಂಡರು. ನಮ್ಮ ಕಾಗುಣಿತಕ್ಕೆ ಆ ಎಣಿಕೆ ಅಷ್ಟಾಗಿ ಒಗ್ಗದು. ನೀವು ಲಘು-ಗುರುಗಳನ್ನು ಎಣಿಸಿ. ಪತ್ರಿಕೆಯ ಒಂದು ಪುಟಕ್ಕೆ ಪ್ರಸ್ತಾರ ಹಾಕಿ, ಲಘುವಿನ ನಂತರ ಗುರು ಎಷ್ಟು ಸಲ, ಗುರುವಿನ ನಂತರ ಎಷ್ಟು ಸಲ ಎಂದು ಬರೆದರೆ ಎರಡು ಸ್ಥಿತಿಗಳ ಸರಪಣಿಯೊಂದು ನಿಮ್ಮ ಮುಂದಿರುತ್ತದೆ. ಆಮೇಲೆ ಭಾಮಿನಿ ಷಟ್ಪದಿಯ ಪದ್ಯವೊಂದನ್ನು ತೆಗೆದುಕೊಳ್ಳಿ. ನಾಲ್ಕು ಮಾತ್ರೆಯ ಗಣದಲ್ಲಿ ಎರಡು ಲಘು ಕಳೆದಿದ್ದರೆ ಮುಂದೆ ಗುರುವಿಗೆ ಜಾಗವಿದೆ, ಮೂರು ಕಳೆದಿದ್ದರೆ ಇಲ್ಲ. ಆದರೆ ಹಿಂದಿನ ಅಕ್ಷರ ಎರಡೂ ಕಡೆ ಲಘುವೇ. ಹಿಂದಿನ ಅಕ್ಷರವೊಂದೇ ಸ್ಥಿತಿಯೆಂದು ಹಿಡಿದರೆ, ಮುಂದಿನದಕ್ಕೆ ಈಗಿನ ಸ್ಥಿತಿಯಷ್ಟೇ ಸಾಕೆಂಬ ಮಾರ್ಕೊವ್ ಗುಣ ಮುರಿಯುತ್ತದೆ. ಯಾವ ಗಣದಲ್ಲಿದ್ದೇವೆ, ಅದರಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಂಬುದನ್ನೂ ಸ್ಥಿತಿಗೆ ಸೇರಿಸಿದರೆ ಛಂದಸ್ಸಿನ ಈ ನಿಯಮಕ್ಕೆ ಹಿಂದಿನ ಇತಿಹಾಸ ಬೇಕಾಗುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಬಹುಮಟ್ಟಿಗೆ ಇಲ್ಲಿಯೇ, ಸ್ಥಿತಿಯನ್ನು ಆರಿಸುವಲ್ಲಿ; ಮ್ಯಾಟ್ರಿಕ್ಸ್ ಗುಣಾಕಾರ ಎಲ್ಲರಿಗೂ ಬರುತ್ತದೆ.

ಪ್ರಶ್ನೆ: ನಮ್ಮ ಬಸ್ಸು ಸರಾಸರಿ ಹತ್ತು ನಿಮಿಷಕ್ಕೊಂದು. ಹಾಗಾದರೆ ಸರಾಸರಿ ಐದು ನಿಮಿಷ ಕಾಯಬೇಕು. ನಾನು ಯಾವಾಗಲೂ ಹೆಚ್ಚೇ ಕಾಯುತ್ತೇನೆ. ಇದು ನನ್ನ ಹಣೆಬರಹವೇ?
(ನಿವೃತ್ತ ಉದ್ಯೋಗಿ, ಮಾಟುಂಗಾ)

ಉತ್ತರ: ಹಣೆಬರಹವಲ್ಲ. ಅಂತರಗಳು 5 ಮತ್ತು 15 ನಿಮಿಷಗಳಾಗಿ ಒಂದಾದ ಮೇಲೊಂದು ಬರುತ್ತವೆಂದುಕೊಳ್ಳಿ, ಸರಾಸರಿ 10. ಮುಕ್ಕಾಲು ಪಾಲು ಸಮಯವನ್ನು ಉದ್ದದ ಅಂತರವೇ ನುಂಗಿರುವುದರಿಂದ ನಿಲ್ದಾಣಕ್ಕೆ ಯಾವಾಗಲೋ ಬಂದವರು ಅದರೊಳಗೆ ಸಿಕ್ಕಿಬೀಳುವ ಸಂಭವನೀಯತೆ 3/4, ಆಗ ಕಾಯುವುದು ಸರಾಸರಿ 7.5 ನಿಮಿಷ, ಉಳಿದ 1/4 ಪಾಲಿಗೆ 2.5. ಒಟ್ಟು ಸರಾಸರಿ 6.25. ಬಸ್ಸುಗಳು ಪ್ವಾಸೋನ್ ಪ್ರಕ್ರಿಯೆಯಂತೆ, ಅಂದರೆ ಒಂದರ ಬರವು ಇನ್ನೊಂದನ್ನು ಅವಲಂಬಿಸದೆ ಯಾವ ಕ್ಷಣದಲ್ಲಾದರೂ, ಬಂದರೆ ಕಾಯುವ ಸರಾಸರಿ ಪೂರ್ತಿ 10 ನಿಮಿಷ, ಆಗಲೇ ಎಷ್ಟು ಹೊತ್ತು ನಿಂತಿದ್ದರೂ ಮುಂದೆ ಮತ್ತೆ ಅಷ್ಟೇ. ವೇಳಾಪಟ್ಟಿ ಬರೆದವರ ಸರಾಸರಿ ಬಸ್ಸುಗಳ ಮೇಲಿನದು, ನಿಮ್ಮದು ನೀವು ಬಂದು ನಿಂತ ಕ್ಷಣಗಳ ಮೇಲಿನದು; ಎರಡೂ ಸರಿ.

ಪ್ರಶ್ನೆ: ಇತಿಹಾಸಕಾರ ಕೋಸಾಂಬಿಯವರ ಹೆಸರು ಯಾದೃಚ್ಛಿಕ ಪ್ರಕ್ರಿಯೆಗಳ ವಿಷಯದಲ್ಲಿ ಹೇಗೆ ಬಂತು?
(ಓದುಗರು, ಪುಣೆ)

ಉತ್ತರ: ಗೋವಾದಲ್ಲಿ 1907ರಲ್ಲಿ ಹುಟ್ಟಿದ ಡಿ.ಡಿ. ಕೋಸಾಂಬಿಯವರು ವೃತ್ತಿಯಿಂದ ಗಣಿತಜ್ಞರು. ನಿಮ್ಮೂರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸುತ್ತಿದ್ದಾಗ, 1943ರಲ್ಲಿ, ಯಾದೃಚ್ಛಿಕ ಪ್ರಕ್ರಿಯೆಯನ್ನು ನಿಗದಿತ ಫಲನಗಳ ಮೊತ್ತವಾಗಿ, ಪರಸ್ಪರ ಸಹಸಂಬಂಧವಿಲ್ಲದ ಯಾದೃಚ್ಛಿಕ ಗುಣಾಂಕಗಳೊಡನೆ ಬರೆಯುವ ಬಗೆಯನ್ನು ಪ್ರಕಟಿಸಿದರು. ಕಾರ್‌ಹುನೆನ್ ಮತ್ತು ಲೊಯೆವ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಮೇಯ ಇದೇ. 0ಯಿಂದ 1ರವರೆಗಿನ ಕಾಲದಲ್ಲಿ ಬ್ರೌನಿಯನ್ ಚಲನೆಯನ್ನು (ದ್ರವದಲ್ಲಿ ಕಣವೊಂದು ಎತ್ತೆತ್ತಲೋ ಅಲೆಯುವುದರ ಮಾದರಿಯನ್ನು) ಹೀಗೆ ಬರೆದರೆ ಆ ಫಲನಗಳೆಲ್ಲ ಬರೀ ಸೈನ್‌ಗಳು. ಮೊದಲನೆಯ ಪದವೊಂದೇ ಒಟ್ಟು ವೇರಿಯನ್ಸಿನ (ಏರಿಳಿತದ ಅಳತೆಯ) ಶೇ. 81ರಷ್ಟನ್ನು ಹೊತ್ತಿರುತ್ತದೆ.