ಫ್ಯಾಮಿಲಿಯನ್ನು ಆರು ತಿಂಗಳು ರೀಎಂಟ್ರಿಯಲ್ಲಿ ಊರಿಗೆ ಕಳಿಸಿ ನೋಡುದಾ?
ಸೌದಿಯ ಜುಬೈಲ್, 5500 ರಿಯಾಲ್ ಸಂಬಳ, ಹೆಂಡತಿ, ಇಬ್ಬರು ಮಕ್ಕಳು, ಅವರ ತಲೆಗಿಷ್ಟು ಅಂತ ಸರ್ಕಾರಕ್ಕೆ ಲೆವಿ ಕಟ್ಟಿ ಕಟ್ಟಿ ಸಾಕಾಗಿದೆ, ರೀಎಂಟ್ರಿಯಲ್ಲಿ (ಹೋಗಿ ವಾಪಸ್ ಬರುವ ವೀಸಾ) ಕಳಿಸಿ ನೋಡುದಾ ಅಥವಾ ಫೀ ಕಡಿಮೆ ಇರುವ ಬೇರೆ ದೇಶ ಹುಡುಕುದಾ ಅಂತ ಕೇಳಿದ್ದೀರಿ. ಓದುವಾಗ 2018ರಲ್ಲಿ ನಾನೇ ಟೈಪ್ ಮಾಡಿದ ಹಾಗೆ ಅನಿಸ್ತು ಮಾರಾಯ್ರೆ. ಅದೇ ಜುಬೈಲ್, ಅದೇ ಮೂರು ತಲೆ, ಸಂಬಳ ಮಾತ್ರ ನಿಮಗಿಂತ ಕಡಿಮೆ.

ನಮ್ಮದು ಕಾಪು. 2017 ಜುಲೈಯಲ್ಲಿ ಡಿಪೆಂಡೆಂಟ್ ಫೀ, ಅಂದ್ರೆ ಈ ಲೆವಿ, ಶುರುವಾದಾಗ ನಾವೆಲ್ಲ ಅಲ್ಲೇ ಇದ್ದದ್ದು. ತಲೆಗೆ ತಿಂಗಳಿಗೆ 100 ರಿಯಾಲ್, ಪ್ರತಿ ಜುಲೈಗೆ ಇನ್ನೊಂದು 100 ಸೇರಿ 2020ಕ್ಕೆ 400 ಆಗ್ತದೆ ಅಂತ ಆಗಲೇ ಹೇಳಿದ್ರು, ಹಾಗೇ ಮಾಡಿದ್ರು ಕೂಡ. ನಾವು ಮಾತ್ರ ಇಲ್ಲ ಇಲ್ಲ, ಇಷ್ಟು ಜನ ಹೋದ್ರೆ ಬಿಲ್ಡಿಂಗ್ ಎಲ್ಲ ಖಾಲಿ ಬೀಳ್ತದೆ, ಸರ್ಕಾರ ಹಿಂದೆ ತಗೊಳ್ತದೆ ಅಂತ ರೂಮಿನಲ್ಲಿ ಕೂತು ಮಾತಾಡ್ತಿದ್ದೆವು. ಬಿಲ್ಡಿಂಗ್ ಖಾಲಿ ಆಯ್ತು, ನಮ್ಮ ಮೂರು ಮಾಳಿಗೆಯಲ್ಲಿ ಎರಡು ಕುಟುಂಬ ಉಳಿದದ್ದು. ಫೀ ಹಿಂದೆ ಹೋಗ್ಲಿಲ್ಲ. ಮೇಲಿಂದ 2018 ಜನವರಿಗೆ 5 ಪರ್ಸೆಂಟ್ ವ್ಯಾಟ್ ಬೇರೆ ಬಂತು.

ಮೊದಲ ವರ್ಷದ್ದು ಹೇಗೋ ಕಟ್ಟಿದೆ. ಎರಡನೇ ವರ್ಷಕ್ಕೆ ಆಗ್ಲಿಕ್ಕಿಲ್ಲ ಅಂತ ಗೊತ್ತಾಗಿ 2018 ಎಪ್ರಿಲ್ ಕೊನೆಗೆ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದೆ. ಕಳಿಸಿದ್ದು ತಪ್ಪಲ್ಲ, ಕಳಿಸಿದ ರೀತಿ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಗುಂಡಿ ಇರುದು ಇಲ್ಲೇ.

ಫೈನಲ್ ಎಕ್ಸಿಟ್ (ವೀಸಾ ಪೂರ್ತಿ ಮುಗಿಸಿ ಕಳಿಸುದು) ಹಾಕುವ ಅಂತ ನಾನು ಹೊರಟಿದ್ದೆ. ಅದಕ್ಕೆ ಒಂದು ರಿಯಾಲ್ ಖರ್ಚೂ ಇಲ್ಲ. ದಮ್ಮಾಮ್‌ನಲ್ಲಿದ್ದ ಭಾವ ಫೋನ್ ಮಾಡಿ, "ಕೈಯಲ್ಲಿರುವ ವೀಸಾ ಬಿಡ್ಬೇಡ ಮಾರಾಯ, ನಿನ್ನ ಇಖಾಮಾದ (ಸೌದಿಯಲ್ಲಿ ಇರ್ಲಿಕ್ಕೆ ಕೊಡುವ ಪರ್ಮಿಟ್) ಪ್ರೊಫೆಶನ್‌ಗೆ ಇನ್ನೊಮ್ಮೆ ಫ್ಯಾಮಿಲಿ ವೀಸಾ ಸಿಗುದಿಲ್ಲ, ರೀಎಂಟ್ರಿ ಹಾಕು, ಮೂರು ತಿಂಗಳು ನೋಡು" ಅಂದ್ರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಎರಡು ತಿಂಗಳಿಗೆ 200, ಮೇಲೆ ತಿಂಗಳಿಗೆ 100, ಹಾಗೆ ಒಬ್ಬೊಬ್ಬರಿಗೆ 300 ಕಟ್ಟಿ ರೀಎಂಟ್ರಿ ಹಾಕಿದೆ. ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿದು ಮನೆಗೆ ಹೋದ್ರು. ನಾನು ಬ್ಯಾಚಲರ್ ರೂಮಿಗೆ ಶಿಫ್ಟ್ ಆಗಿ, ಇನ್ನು ಲೆವಿ ಇಲ್ಲ ಅಂತ ನೆಮ್ಮದಿಯಲ್ಲಿ ಇದ್ದೆ.

ಇಲ್ಲೇ ನೋಡಿ. ಲೆವಿ ಮನುಷ್ಯ ಸೌದಿಯಲ್ಲಿ ಇದ್ದಾನಾ ಇಲ್ವಾ ಅಂತ ನೋಡುದಿಲ್ಲ, ನಿಮ್ಮ ಹೆಸರಿನ ಕೆಳಗೆ ಆ ಹೆಸರು ಉಂಟಾ ಅಂತ ಮಾತ್ರ ನೋಡ್ತದೆ. ಹೆಂಡತಿ ಕಾಪುವಿನ ಅಂಗಳದಲ್ಲಿ ಹಪ್ಪಳ ಒಣಗಿಸ್ತಾ ಇದ್ರೂ ಸೌದಿ ಸರ್ಕಾರದ ಅಬ್ಶರ್ ಆ್ಯಪ್‌ನಲ್ಲಿ ಅವಳು ಜುಬೈಲ್‌ನವಳೇ. ಮತ್ತೆ ಅವರ ಲೆವಿ ಕಟ್ಟದೆ ನಿಮ್ಮ ಇಖಾಮಾ ರಿನ್ಯೂ ಆಗುದಿಲ್ಲ. ಹೊರಗೆ ಇದ್ದವರಿಗೆ ಫೈನಲ್ ಎಕ್ಸಿಟ್ ಹಾಕ್ಲಿಕ್ಕೂ ಬರುದಿಲ್ಲ, ಅದಕ್ಕೆ ಅವರು ಒಳಗೇ ಇರಬೇಕು. ಅಂದ್ರೆ ಹೆಸರು ತೆಗೀಬೇಕಾದ್ರೆ ಟಿಕೆಟ್ ಹಾಕಿ ಕರೆಸಿ ಮತ್ತೆ ಕಳಿಸಬೇಕು, ಇಲ್ಲದಿದ್ರೆ ರೀಎಂಟ್ರಿ ಮುಗಿದು ಸಮಯ ಕಳೆದ ಮೇಲೆ ಜವಾಝಾತ್‌ಗೆ (ಅಲ್ಲಿಯ ಪಾಸ್‌ಪೋರ್ಟ್ ಆಫೀಸು) ಅಲೀಬೇಕು.

ಕಾಯುವಷ್ಟು ಸಮಯ ನನಗೆಲ್ಲಿತ್ತು? ಹಿಂದಿನ ವರ್ಷ ಇಖಾಮಾ ಆಗಸ್ಟ್ ಮೊದಲ ವಾರ ಮುಗಿದದ್ದು, ಈ ವರ್ಷವೂ ಆಗಸ್ಟ್ ಅಂತ ನನ್ನ ಲೆಕ್ಕ. ಆಗ ಇಖಾಮಾ ಹಿಜ್ರಿ (ಚಂದ್ರನ ಕ್ಯಾಲೆಂಡರ್) ಲೆಕ್ಕದ್ದು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರೀತಿತ್ತು. ಜುಲೈ ಕೊನೆ ವಾರದಲ್ಲಿ ಕಂಪನಿಯ ಸರ್ಕಾರಿ ಕಾಗದಪತ್ರ ನೋಡುವ ಮಂದೂಬ್ ಬಂದು, ಇವತ್ತೇ ಕಟ್ಟು, ಲೇಟಾದ್ರೆ 500 ಫೈನ್ ಅಂದ. ಅಷ್ಟೊತ್ತಿಗೆ ರೇಟ್ 200 ಆಗಿತ್ತು. ಮೂರು ಜನಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 7200 ರಿಯಾಲ್, ಆಗಿನ ನಮ್ಮ ದುಡ್ಡಲ್ಲಿ 1 ಲಕ್ಷ 30 ಸಾವಿರ. ಅಲ್ಲಿ ಇಲ್ಲದವರಿಗೆ! ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ, ಇಬ್ಬರ ಹತ್ತಿರ ಸಾಲ ಮಾಡಿ ಕಟ್ಟಿದೆ. ಇಮೋ ಕಾಲ್‌ನಲ್ಲಿ ಮನೆಗೆ ಹೇಳಿದ್ರೆ ಆ ಕಡೆ ಜೋರು ಮಳೆ, ಅವಳಿಗೆ ಮೊದಲು ಕೇಳಿಸ್ಲೇ ಇಲ್ಲ. ಕೇಳಿಸಿದ ಮೇಲೆ, "ಹಾಗಾದ್ರೆ ಕಟ್ಟಿದ ದುಡ್ಡಿಗಾದ್ರೂ ನಾವು ಬಂದು ಒಂದು ವರ್ಷ ಕೂತು ಹೋಗುದಾ?" ಅಂತ ಕೇಳಿದ್ಲು. ಮಕ್ಕಳು ಜೂನ್‌ನಲ್ಲೇ ಊರಿನ ಶಾಲೆಗೆ ಸೇರಿ ಆಗಿತ್ತು.

ಶಾಲೆದ್ದು ಇನ್ನೊಂದು ಕಥೆ. ವಾಪಸ್ ಬಂದ್ರೂ ಬಂದಾರು ಅಂತ ಟಿಸಿ ತೆಗೀಲಿಲ್ಲ. ಜುಬೈಲ್‌ನಲ್ಲಿ ಹೊಸ ಕ್ಲಾಸ್ ಎಪ್ರಿಲ್‌ಗೆ ಶುರು, ಸೀಟ್ ಉಳಿಸ್ಲಿಕ್ಕೆ ಅಲ್ಲಿ ಫೀಸ್ ಕಟ್ಟಿದೆ, ಊರಲ್ಲಿ ಅಡ್ಮಿಶನ್‌ಗೂ ಕಟ್ಟಿದೆ. ಟಿಸಿ ತನ್ನಿ ಟಿಸಿ ತನ್ನಿ ಅಂತ ಇಲ್ಲಿ ಅಮ್ಮನಿಗೆ ದಿನಾ ಫೋನು.

ಈಗ ನಿಮ್ಮದು ನೋಡುವ. ಆರು ತಿಂಗಳ ರೀಎಂಟ್ರಿ ಅಂದ್ರೆ ತಲೆಗೆ 600, ಮೂರು ಜನಕ್ಕೆ 1800. ಆ ಆರು ತಿಂಗಳ ಲೆವಿ 400ರ ಲೆಕ್ಕದಲ್ಲಿ 7200. ಒಟ್ಟು 9000 ರಿಯಾಲ್, ಬರೇ "ನೋಡ್ಲಿಕ್ಕೆ". ಮೂರು ತಿಂಗಳಿಗೊಮ್ಮೆ ಇಖಾಮಾ ರಿನ್ಯೂ ಮಾಡುವ ವ್ಯವಸ್ಥೆ 2021ರಲ್ಲಿ ಬಂತು, ಕಂಪನಿ ಒಪ್ಪಿದ್ರೆ ಕಂತಿನಲ್ಲಿ ಕಟ್ಟಬಹುದು, ಅದ್ರಿಂದ ಮೊತ್ತ ಕಡಿಮೆ ಆಗುದಿಲ್ಲ. ಫ್ಯಾಕ್ಟರಿ ಲೈಸನ್ಸ್ ಇರುವ ಕಂಪನಿಗಳಿಗೆ ಲೆವಿ ಮಾಫಿ ಅಂತ ಯಾರಾದ್ರೂ ಹೇಳಿದ್ರೆ ಅದು ಕೆಲಸದವರ ಲೆವಿ, ಹೆಂಡತಿ ಮಕ್ಕಳದ್ದಲ್ಲ.

ಫೀ ಕಡಿಮೆ ಇರುವ ದೇಶ ಹುಡುಕುದು ನನ್ನ ಪ್ರಕಾರ ವೇಸ್ಟ್. ಚಿಕ್ಕಮ್ಮನ ಮಗ ಹಾಗೇ ಅಂತ ಯುಕೆಗೆ ಅರ್ಜಿ ಹಾಕ್ಲಿಕ್ಕೆ ಹೊರಟ. 2024 ಫೆಬ್ರವರಿಯಲ್ಲಿ ಅಲ್ಲಿ ಹೆಲ್ತ್ ಸರ್ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 624 ಪೌಂಡ್ ಇದ್ದದ್ದು 1035 ಆಯ್ತು, ಅದೂ ವೀಸಾದ ಎಷ್ಟು ವರ್ಷವೋ ಅಷ್ಟೂ ಒಟ್ಟಿಗೆ ಮೊದಲೇ ಕಟ್ಟಬೇಕು. ನಾವು ಪರದೇಶದವರು, ಎಲ್ಲಿ ಹೋದ್ರೂ ಮೊದಲು ಕೈ ಹಾಕುದು ನಮ್ಮ ಜೇಬಿಗೇ.

5500ರಲ್ಲಿ ತಿಂಗಳಿಗೆ 1200 ಲೆವಿಗೇ ಹೋದ್ರೆ ಬಾಡಿಗೆ, ಶಾಲೆ ಕಳೆದು ಉಳಿಯುದೆಷ್ಟು? ನಿಮ್ಮ ಜಾಗದಲ್ಲಿ ನಾನಿದ್ರೆ ಟಿಸಿ ತೆಗೆದು, ಇಖಾಮಾ ಮುಗಿಯುವ ಮೊದಲೇ ಮೂರೂ ಜನಕ್ಕೆ ಫೈನಲ್ ಎಕ್ಸಿಟ್ ಹಾಕ್ತಿದ್ದೆ. ರಜೆಯಲ್ಲಿ ವಿಸಿಟ್ ವೀಸಾದಲ್ಲಿ ಕರೆಸಿ, ಅದಕ್ಕೆ ಲೆವಿ ಇಲ್ಲ. ಕಂಪನಿಯೇ ಲೆವಿ ಮತ್ತು ಶಾಲೆ ಫೀಸ್ ಕೊಡ್ತದೆ ಅಂತಾದ್ರೆ ಬೇರೆ ಮಾತು, ಆಗ ಒಟ್ಟಿಗೇ ಇಟ್ಟುಕೊಳ್ಳಿ. ನಾನು 2021ರಲ್ಲಿ ವಾಪಸ್ ಬಂದೆ, ಈಗ ಮಣಿಪಾಲದಲ್ಲಿ ಕೆಲಸ, ಸಂಬಳ ಅಲ್ಲಿಯ ಅರ್ಧವೂ ಇಲ್ಲ. ಭಾವ ಇನ್ನೂ ದಮ್ಮಾಮ್‌ನಲ್ಲೇ ಇದ್ದಾರೆ, ಅಕ್ಕನನ್ನು ಮಾತ್ರ ಮರುವರ್ಷವೇ ಫೈನಲ್ ಎಕ್ಸಿಟ್‌ನಲ್ಲಿ ಕಳಿಸಿದ್ರು.

ನಿಮ್ಮ ಇಖಾಮಾ ಯಾವಾಗ ಮುಗೀತದೆ ಅಂತ ಬರೀಲಿಲ್ಲ. ಅಬ್ಶರ್ ತೆರೆದು ತಾರೀಕು ನೋಡಿ ಕೆಳಗೆ ಹಾಕಿ, ಅಂದಾಜಿನಲ್ಲಿ ಹೇಳ್ಬೇಡಿ.